ಕೋಣೆಯ ಹವಾನಿಯಂತ್ರಕ: ನಕ್ಷತ್ರಕ್ಕಿಂತ ಗಂಟೆಯ ಲೆಕ್ಕ ಮುಖ್ಯ

ಹವಾನಿಯಂತ್ರಕಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ ಶೇಕಡಾ 18ಕ್ಕೆ ಇಳಿದಿದೆ. ಅಂಗಡಿಯ ಒಳಕೋಣೆಗೆ, ಕಾರ್ಖಾನೆಯ ಕಚೇರಿಗೆ, ವಸತಿಗೃಹದ ಕೊಠಡಿಗಳಿಗೆ ಯಂತ್ರ ಕೊಳ್ಳುವ ಆಲೋಚನೆ ನಮ್ಮ ಅನೇಕ ವರ್ತಕ ಬಂಧುಗಳಲ್ಲಿ ಮೂಡಿದ್ದರೆ ಅದು ಸಹಜವೇ. ಆದರೆ ಯಂತ್ರದ ಬೆಲೆ ಒಮ್ಮೆ ತೆರುವಂಥದು. ವಿದ್ಯುತ್ ಬಿಲ್ಲು ತಿಂಗಳು ತಿಂಗಳೂ ಬರುವಂಥದು. ಸರಕು ಕೊಳ್ಳುವಾಗ ಪೈಸೆ ಪೈಸೆ ಲೆಕ್ಕ ಹಾಕುವ ನಾವು, ಈ ಯಂತ್ರದ ವಿಷಯದಲ್ಲಿ ಮಾತ್ರ ಚೀಟಿಯ ಮೇಲಿನ ನಕ್ಷತ್ರಗಳನ್ನು ಎಣಿಸಿ ತೃಪ್ತರಾಗುತ್ತೇವೆ. ಇದು ಸರಿಯಾದ ಕ್ರಮವಲ್ಲವೆಂಬುದು ನನ್ನ ಅಭಿಪ್ರಾಯ.

ಒಂದೊಂದು ಕೋಣೆಗೆಂದು ದೊರೆಯುವ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎಲ್ಲ ಭಾಗಗಳೂ ಒಂದೇ ಪೆಟ್ಟಿಗೆಯಲ್ಲಿದ್ದು, ಗೋಡೆಯಲ್ಲಿ ಅಥವಾ ಕಿಟಕಿಯಲ್ಲಿ ಕೂರಿಸುವಂಥದು ಮೊದಲನೆಯದು. ಕಂಪ್ರೆಸರನ್ನು ಹೊರಗಿಟ್ಟು, ತಾಮ್ರದ ಕೊಳವೆಯ ಮೂಲಕ ಒಳಘಟಕಕ್ಕೆ ಜೋಡಿಸುವ ಸ್ಪ್ಲಿಟ್ ಎರಡನೆಯದು. ಅಮೆರಿಕದ ಹೋಟೆಲುಗಳಲ್ಲಿ ಕಿಟಕಿಯ ಕೆಳಗಿನ ಗೋಡೆಯಲ್ಲಿ 42 ಅಂಗುಲ ಅಗಲ, 16 ಅಂಗುಲ ಎತ್ತರದ ತಗಡಿನ ಚೌಕಟ್ಟನ್ನು ಕೂರಿಸಿ, ಅದರೊಳಗೆ ಪೆಟ್ಟಿಗೆಯನ್ನು ತಳ್ಳುವ ಪದ್ಧತಿ ಬಹುಕಾಲದಿಂದಲೂ ಇದೆ. ಒಂದು ಕೆಟ್ಟರೆ ಅದನ್ನು ಎಳೆದು ತೆಗೆದು, ಹೆಚ್ಚುವರಿಯಾಗಿ ಇಟ್ಟುಕೊಂಡ ಇನ್ನೊಂದನ್ನು ಕೂರಿಸಿದರಾಯಿತು. ಕೊಠಡಿ ಖಾಲಿ ಬೀಳುವುದಿಲ್ಲ. ನಮ್ಮಲ್ಲಿಯ ವಿಂಡೋ ಏ.ಸಿ.ಗೂ ಇದೇ ಗುಣವಿದೆ. ಸ್ಥಳದಲ್ಲಿ ಕೊಳವೆ ಜೋಡಿಸುವ ಕೆಲಸವಿಲ್ಲ, ಬಾಡಿಗೆಯ ಮಳಿಗೆ ಬಿಡುವಾಗ ಅನಿಲ ಇಳಿಸಿ ಏರಿಸುವ ವೆಚ್ಚವೂ ಇಲ್ಲ. ಸದ್ದು ಹೆಚ್ಚೆಂಬುದು ಮಾತ್ರ ನಿಜ.

ಇನ್ನು ನಕ್ಷತ್ರಗಳ ವಿಷಯ. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಐ.ಎಸ್.ಇ.ಇ.ಆರ್. ಎಂಬ ಅಳತೆಯನ್ನು ಕಡ್ಡಾಯಗೊಳಿಸಿತು. ವರ್ಷವಿಡೀ ಯಂತ್ರವು ಕೋಣೆಯಿಂದ ಹೊರಹಾಕುವ ಶಾಖವನ್ನು, ಅದಕ್ಕಾಗಿ ಬಳಸಿದ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಇದು. ಆಗ ಐದು ನಕ್ಷತ್ರ ಪಡೆಯಲು ಸ್ಪ್ಲಿಟ್ ಯಂತ್ರಕ್ಕೆ ಕನಿಷ್ಠ 4.50 ಬೇಕಾಗಿತ್ತು, ವಿಂಡೋ ಯಂತ್ರಕ್ಕೆ 3.30 ಸಾಕಾಗಿತ್ತು. ಇದೇ 3.30 ಸ್ಪ್ಲಿಟ್ ಕೋಷ್ಟಕದಲ್ಲಿ ಎರಡು ನಕ್ಷತ್ರದ ಮಟ್ಟ! 2022ರಲ್ಲಿ ಮಾನದಂಡಗಳು ಬಿಗಿಗೊಂಡು, ಹಿಂದೆ ಐದು ನಕ್ಷತ್ರವಿದ್ದ ಎಷ್ಟೋ ಮಾದರಿಗಳು ಒಂದು ನಕ್ಷತ್ರ ಕೆಳಗಿಳಿದವು. ಅಂದರೆ ನಕ್ಷತ್ರವು ಯಂತ್ರದ ಬಗೆಗೂ ತಯಾರಾದ ವರ್ಷಕ್ಕೂ ಅಂಟಿಕೊಂಡ ಗುರುತು. ಬೇರೆ ಬೇರೆ ಬಗೆಗಳನ್ನು ಹೋಲಿಸುವಾಗ ಚೀಟಿಯ ಮೇಲಿನ ಸಂಖ್ಯೆಯನ್ನೇ ಓದಬೇಕು.

ಚೀಟಿಯಲ್ಲಿರುವ ವಾರ್ಷಿಕ ಯೂನಿಟ್ಟುಗಳ ಲೆಕ್ಕವೂ ಎಚ್ಚರಿಕೆಯಿಂದ ನೋಡಬೇಕಾದುದು. ಅದು ವರ್ಷಕ್ಕೆ 1,600 ಗಂಟೆಗಳ ಬಳಕೆಯನ್ನು ಆಧರಿಸಿದ್ದು. ದಿನಕ್ಕೆ 10 ಗಂಟೆಯಂತೆ 300 ದಿನ ತೆರೆದಿರುವ ಮಳಿಗೆಯಲ್ಲಿ ಯಂತ್ರ 3,000 ಗಂಟೆ ನಡೆಯುತ್ತದೆ. ಚೀಟಿಯ ಸಂಖ್ಯೆಯನ್ನು ನಂಬಿ ಬಜೆಟ್ ಮಾಡಿದ ವರ್ತಕನಿಗೆ ಬಿಲ್ಲು ಬಂದಾಗ ಆಘಾತವಾಗುವುದು ಇದೇ ಕಾರಣಕ್ಕೆ.

ಒಂದು ಉದಾಹರಣೆ ನೋಡೋಣ. 3,000 ಗಂಟೆಗಳಲ್ಲಿ ಒಂದು ಮಳಿಗೆಯಿಂದ 9,000 ಯೂನಿಟ್ಟಿನಷ್ಟು ಶಾಖವನ್ನು ಹೊರಹಾಕಬೇಕಾಗಿದೆ ಎಂದಿಟ್ಟುಕೊಳ್ಳಿ. 3.30 ದಕ್ಷತೆಯ ಯಂತ್ರ ಸುಮಾರು 2,727 ಯೂನಿಟ್ ವಿದ್ಯುತ್ ಬಳಸುತ್ತದೆ, 4.50 ದಕ್ಷತೆಯದು 2,000 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯೆಂದು ಹಿಡಿದರೆ ವರ್ಷಕ್ಕೆ 5,800 ರೂಪಾಯಿಗಳಷ್ಟು ವ್ಯತ್ಯಾಸ. ಇಲ್ಲಿ ಹೆಚ್ಚು ಬೆಲೆಯ ಯಂತ್ರವೇ ಲಾಭದಾಯಕ. ಆದರೆ ಅದೇ ಯಂತ್ರ ಮಾಲೀಕರ ಖಾಸಗಿ ಕೋಣೆಯಲ್ಲಿ ವರ್ಷಕ್ಕೆ 500 ಗಂಟೆ ಮಾತ್ರ ನಡೆಯುವುದಾದರೆ, ಉಳಿತಾಯ 970 ರೂಪಾಯಿಗಳ ಆಸುಪಾಸಿಗೆ ಇಳಿಯುತ್ತದೆ. ಅಷ್ಟಕ್ಕಾಗಿ ಹತ್ತು ಹದಿನೈದು ಸಾವಿರ ಹೆಚ್ಚಿಗೆ ಕೊಡುವುದು ಜಾಣತನವಲ್ಲ. ಅಲ್ಲಿ ಸಾಧಾರಣ ವಿಂಡೋ ಯಂತ್ರವೇ ಸಾಕು. ಹೀಗೆ ನಿರ್ಣಯ ಮಾಡಬೇಕಾದುದು ಗಂಟೆಗಳೇ ಹೊರತು ನಕ್ಷತ್ರಗಳಲ್ಲ.

ಮಡಿಕೇರಿ, ಚಿಕ್ಕಮಗಳೂರಿನಂತಹ ಮಲೆನಾಡಿನ ಊರುಗಳ ವಸತಿಗೃಹದವರಿಗೆ ಚಳಿಗಾಲದಲ್ಲಿ ಶಾಖವೂ ಬೇಕು. ಮಾರುಕಟ್ಟೆಯಲ್ಲಿ ‘ಹಾಟ್ ಅಂಡ್ ಕೋಲ್ಡ್’ ಎಂದು ಮಾರುವ ಯಂತ್ರ ಕೋಣೆಯನ್ನು ಬಿಸಿ ಮಾಡುವುದು ಹೇಗೆಂದು ಕೇಳದೆ ಕೊಳ್ಳಬಾರದು. ಒಳಗೆ ಬರೀ ಹೀಟರ್ ಸುರುಳಿಯಿದ್ದರೆ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖವಷ್ಟೇ ದೊರೆಯುತ್ತದೆ. ಹೀಟ್ ಪಂಪ್ ಇದ್ದರೆ ಯಂತ್ರ ತನ್ನ ಚಕ್ರವನ್ನು ಹಿಮ್ಮುಖಗೊಳಿಸಿ ಹೊರಗಿನ ಗಾಳಿಯ ಶಾಖವನ್ನೇ ಒಳಗೆ ತರುತ್ತದೆ. ನಮ್ಮ ಮಲೆನಾಡಿನ ಸೌಮ್ಯ ಚಳಿಯಲ್ಲಿ ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ ಶಾಖ ದೊರೆಯಬಲ್ಲದು. ಹತ್ತು ಕೊಠಡಿಗಳಲ್ಲಿ ಒಮ್ಮೆಗೇ 2 ಕಿಲೋವಾಟ್ ಹೀಟರ್ ಹೊತ್ತಿಸಿದರೆ 20 ಕಿಲೋವಾಟ್ ಹೊರೆ. ಅದಕ್ಕೆ ತಕ್ಕಂತೆ ಮಂಜೂರಾದ ವಿದ್ಯುತ್ ಭಾರವನ್ನು ಹೆಚ್ಚಿಸಿಕೊಂಡರೆ, ಕೊಠಡಿಗಳು ಖಾಲಿಯಿದ್ದ ತಿಂಗಳಿನಲ್ಲೂ ನಿಗದಿತ ಶುಲ್ಕ ತೆರಲೇಬೇಕು.

ಕೊನೆಯದಾಗಿ ಗೋಡೆಯ ಮಾತು. ಎಷ್ಟೋ ವಿಂಡೋ ಯಂತ್ರಗಳು ತಮ್ಮ ಪಕ್ಕದ ಸೀಳುಗಳಿಂದ ಗಾಳಿ ಎಳೆದುಕೊಂಡು ಹಿಂಬದಿಯಿಂದ ಬಿಸಿಗಾಳಿ ಬಿಡುತ್ತವೆ. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯಲ್ಲಿ ರಂಧ್ರ ಕೊರೆದು ಅಂತಹದನ್ನು ಪೂರ್ತಿ ಒಳತಳ್ಳಿದರೆ ಸೀಳುಗಳು ಮುಚ್ಚಿಹೋಗಿ ಉಸಿರುಗಟ್ಟುತ್ತದೆ. ಬಿಲ್ಲು ಏರುತ್ತದೆ, ಕಂಪ್ರೆಸರಿನ ಆಯುಷ್ಯ ಕುಗ್ಗುತ್ತದೆ. ಸೀಳುಗಳು ಗೋಡೆಯ ಹೊರಗೆ ಬರುವಂತೆ ಕೂರಿಸಬೇಕು, ಇಲ್ಲವೇ ಹಿಂಬದಿಯಿಂದಲೇ ಉಸಿರಾಡುವ, ಗೋಡೆಗೆಂದೇ ತಯಾರಾದ ಮಾದರಿಯನ್ನು ತರಬೇಕು. ನೀರು ಹರಿದುಹೋಗಲು ಹೊರಕ್ಕೆ ತುಸು ಇಳಿಜಾರು, ಸುತ್ತಲಿನ ಸಂದುಗಳಿಗೆ ಭದ್ರವಾದ ಮುಚ್ಚಳಿಕೆ ಇರಬೇಕು. ಹಿಂಬದಿ ಬಯಲಿಗೆ ತೆರೆದಿರಬೇಕು. ದಾಸ್ತಾನು ಕೋಣೆಗೋ ಓಣಿಗೋ ಬಿಸಿಗಾಳಿ ಬಿಟ್ಟರೆ ಅದೇ ಗಾಳಿಯನ್ನು ಯಂತ್ರ ಮತ್ತೆ ಎಳೆದುಕೊಳ್ಳುತ್ತದೆ.

ಮನೆಬಳಕೆಯನ್ನು ಮನಸ್ಸಿನಲ್ಲಿಟ್ಟು ರೂಪಿಸಿದ 1,600 ಗಂಟೆಗಳ ಲೆಕ್ಕದ ಜೊತೆಗೆ, ವಾಣಿಜ್ಯ ಬಳಕೆಗೆ ತಕ್ಕ 3,000 ಗಂಟೆಗಳ ಲೆಕ್ಕವನ್ನೂ ಚೀಟಿಯಲ್ಲಿ ಮುದ್ರಿಸುವಂತೆ ನಮ್ಮ ಸಂಸ್ಥೆಯು ಬ್ಯೂರೋಗೆ ಮನವಿ ಸಲ್ಲಿಸಬೇಕೆಂಬುದು ನನ್ನ ಸಲಹೆ. ತಯಾರಕರಿಗೆ ಇದರಿಂದ ಹೊರೆಯಿಲ್ಲ, ಸಣ್ಣ ವರ್ತಕನಿಗೆ ಲಾಭವಿದೆ. ಅದು ಕೈಗೂಡುವವರೆಗೆ ಸದಸ್ಯರು ಕೊಳ್ಳುವ ಮುನ್ನ ಒಂದು ಹಾಳೆಯಲ್ಲಿ ಕೋಣೆವಾರು ಗಂಟೆಗಳನ್ನು ಬರೆದುಕೊಂಡು ಅಂಗಡಿಗೆ ಹೋಗಲಿ. ಮಾರಾಟಗಾರನ ಮಾತಿಗಿಂತ ಆ ಹಾಳೆಯೇ ಹೆಚ್ಚು ನೆರವಾಗುತ್ತದೆ.