ಸ್ನೇಹ ಸಮ್ಮಿಲನದಲ್ಲಿ ನಾವು ನಗುವುದು ಯಾರನ್ನು ನೋಡಿ?

ಬೇಸಿಗೆ ರಜೆ ಬಂತು ಅಂದರೆ ನಮ್ಮ ಧಾರವಾಡ ತಾಲ್ಲೂಕಿನ ಊರುಗಳಲ್ಲಿ ಹಳೆ ವಿದ್ಯಾರ್ಥಿಗಳ ಸ್ನೇಹ ಸಮ್ಮಿಲನ ಶುರು. ಬ್ಯಾಚಿನ ವಾಟ್ಸಾಪ್ ಗ್ರೂಪು, ಪಟ್ಟಿ ಎತ್ತುವುದು, ಸಾಲಿ ಮುಂದೆ ಪೆಂಡಾಲು, ಗುರುಗಳಿಗೆ ಶಾಲು. ಇದಕ್ಕೆ ನಮ್ಮ ತಕರಾರಿಲ್ಲ, ನಾವೂ ಪಟ್ಟಿ ಕೊಟ್ಟವರೇ. ತಕರಾರು ಇರುವುದು ಊಟಕ್ಕೆ ಮುಂಚೆ ಮೈಕ್ ಕೈಗೆ ಸಿಕ್ಕಮೇಲೆ ನಡೆಯುವ ಮಾತಿನ ಬಗ್ಗೆ.

"ಆ ಹುಚ್ಚ ನೆನಪದಾನೇನ್ರಲೇ?" ಅಂತ ಒಬ್ಬ ಎತ್ತುತ್ತಾನೆ. ಗ್ವಾಡಿ ಹಾರಿ ಓಡಿಹೋಗುತ್ತಿದ್ದವನು, ಖಡು ತಿನ್ನುತ್ತಿದ್ದವನು, ಮೂರು ವರ್ಷ ಬಾಯಿಯೇ ಬಿಡದ ಹುಡುಗಿ, ಎಲ್ಲರೂ ಬರುತ್ತಾರೆ. ಪೆಂಡಾಲು ತುಂಬ ನಗೆ. ಮಾಸ್ತರ ಸೈಕಲ್ ಗಾಳಿ ಬಿಟ್ಟವನ ಕಥೆ ಹೇಳಿರಿ, ನಾವೂ ನಗುತ್ತೇವೆ. ಅದು ತಿಳಿದು ಮಾಡಿದ ಕಿಡಿಗೇಡಿತನ. ಉಳಿದವರದು ಹಾಗಲ್ಲ.

ಹೋದ ವರ್ಷ ನಮ್ಮ ಬ್ಯಾಚಿನ ಸಮ್ಮಿಲನದಲ್ಲಿ ಹೀಗೆ ನಗುವಾಗ ಆ 'ಹುಚ್ಚ' ಅಲ್ಲೇ ಇದ್ದ. ಪೆಂಡಾಲು ಅವನದೇ, ಕುರ್ಚಿ ಇಳಿಸಲು ಬಂದಿದ್ದ. ಅವನೂ ನಕ್ಕ. ಊಟ ಆದಮೇಲೆ ಟೆಂಪೋ ಹತ್ತಿರ ಕೂತು ಮಾತಾಡಿಸಿದೆವು. "ಬೋರ್ಡ್ ಮ್ಯಾಲೆ ಬರದದ್ದು ಕಾಣ್ತಿದ್ದಿಲ್ಲೋ ಮಾರಾಯಾ. ನೋಡಾಕಂತ ಎದ್ದು ಮುಂದ ಹ್ವಾದ್ರ ಹೊಡೀತಿದ್ರು. ಆಮ್ಯಾಲೆ ಸಾಲಿಗೆ ಬರೂದ ಬಿಟ್ಟೆ" ಅಂದ. ಕಣ್ಣಿಗೆ ಚಾಳೀಸು ಬಂದದ್ದು ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ.

ಅವತ್ತಿನ ಕ್ಲಾಸ್ ಮಾನಿಟರ್ ನಮ್ಮೊಳಗೇ ಇದ್ದಾರೆ. ಗದ್ದಲ ಮಾಡಿದವರ ಹೆಸರು ಬೋರ್ಡಿನ ಮೂಲೆಯಲ್ಲಿ ಬರೆಯುವುದು ಮಾನಿಟರ್ ಕೆಲಸ. ದಿನಾ ಮೊದಲ ಹೆಸರು ಅವನದು. ಆ ಹೆಸರೂ ಅವನಿಗೆ ಕಂಡಿರಲಿಕ್ಕಿಲ್ಲ. ಉತ್ತರ ಹೇಳಿದವರಿಂದ ಅವನ ಮೂಗು ಹಿಡಿಸಿ ಕಪಾಳಕ್ಕೆ ಹೊಡೆಸುತ್ತಿದ್ದರು. ನಾವು ಹೊಡೆದಿದ್ದೇವೆ, ಜೋರಾಗಿಯೇ ಹೊಡೆದಿದ್ದೇವೆ.

"ಹೊಡದದ್ದಕ್ಕ ನಾವು ಉದ್ಧಾರ ಆದ್ವಿ" ಅನ್ನುವವರು ಪ್ರತಿ ಸಮ್ಮಿಲನದಲ್ಲೂ ಸಿಗುತ್ತಾರೆ. ಅಲ್ಲರೀ, ಮೈಕ್ ಸಿಗುವುದು ಉದ್ಧಾರ ಆದವರಿಗೇ ಅಲ್ಲವೇ? ಏಳನೇ ಇಯತ್ತೆಗೇ ಸಾಲಿ ಬಿಟ್ಟು ದನ ಕಾಯಲು ಹೋದವರನ್ನು ಯಾರು ಕರೆದು ಕೇಳಿದ್ದಾರೆ? ಇನ್ನು ಕೆಲವರು "ಮನ್ಸೂರರೂ ಸಾಲಿ ಬಿಟ್ಟು ನಾಟಕ ಕಂಪನಿ ಸೇರಿದವರೇ" ಅಂತ ಸಮಾಧಾನ ಹೇಳುತ್ತಾರೆ. ಒಂದು ಚಾಳೀಸು ಸಿಗಬೇಕಾದರೆ ಹುಡುಗ ಮಲ್ಲಿಕಾರ್ಜುನ ಮನ್ಸೂರ ಆಗಬೇಕೇನು?

ಮಾಸ್ತರರ ಕಷ್ಟ ನಮಗೂ ಗೊತ್ತು. ಒಬ್ಬರೇ ಎರಡು ಮೂರು ಇಯತ್ತೆ ಸಂಭಾಳಿಸುವ ಸಾಲಿಗಳು ಇನ್ನೂ ಇವೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆ ಪಟ್ಟಿ ಮಾಡಿದೆ. ಓದು-ಬರಹ ತಲೆಗೆ ಹತ್ತದ ಕಲಿಕಾ ನ್ಯೂನತೆಯೂ ಆಟಿಸಮ್ಮೂ ಅದರಲ್ಲಿವೆ. ನಮ್ಮ ಊರಲ್ಲಿ ಇವೆಲ್ಲಕ್ಕೂ ಇರುವುದು ಒಂದೇ ಶಬ್ದ, 'ಹುಚ್ಚ'. ಗದಗ, ಹಾವೇರಿ ಕಡೆ ಹೋದರೆ "ಇವನ್ನ ಧಾರವಾಡಕ್ಕ ಕಳಸಬೇಕು" ಅನ್ನುತ್ತಾರೆ. ಅಲ್ಲಿ ಧಾರವಾಡ ಅಂದರೆ ಪೇಢೆಯಲ್ಲ, ಮಾನಸಿಕ ಆಸ್ಪತ್ರೆ. ಈಗ ಡಿಮ್ಹಾನ್ಸ್ ಆಗಿರುವ ಆ ಆಸ್ಪತ್ರೆಗೆ ಮಗುವನ್ನು ತೋರಿಸಲು ತಂದೆತಾಯಿ ಹಿಂಜರಿಯುವುದು ಈ ಚಾಷ್ಟಿಯ ಹೆದರಿಕೆಗೇ.

ಸಾಲಿಯ ಮಾತಷ್ಟೇ ಅಲ್ಲ. ಒಂದು ಬೇಸಿಗೆ ಶಿಬಿರದಲ್ಲಿ ನಾವು ಸ್ವಯಂಸೇವಕರಾಗಿದ್ದೆವು. ಹಲಗೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಚೀರುವ ಹುಡುಗನೊಬ್ಬ ಬಂದಿದ್ದ. ಎಳೆದು ಕುಣಿಸಲು ಹೋದೆವು, ಕೈ ಕಚ್ಚಿದ. ಎರಡನೇ ದಿನವೇ ಅವನ ಅವ್ವನನ್ನು ಕರೆಸಿ ಕಳಿಸಿಬಿಟ್ಟೆವು. ಶಿಬಿರದ ಹೆಸರಲ್ಲಿ 'ವ್ಯಕ್ತಿತ್ವ ವಿಕಸನ' ಅಂತ ಇತ್ತು. ಹಲಗೆಯಿಂದ ದೂರ, ಗಿಡದ ಬುಡದಲ್ಲಿ ಅವನನ್ನು ಕೂಡಿಸಬಹುದಿತ್ತು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ವೈದ್ಯರ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಸಾಲಿಗೆ, ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳ ಕಣ್ಣು, ಕಿವಿ, ಕಲಿಕೆಯ ತೊಂದರೆ ನೋಡಬೇಕು. ನಿಮ್ಮ ಸಾಲಿಯ ಎಸ್‌ಡಿಎಂಸಿ ಸಭೆಯಲ್ಲಿ ಕೇಳಿರಿ: ತಂಡ ಯಾವಾಗ ಬಂದಿತ್ತು? ಯಾವ ಮಗುವಿಗೆ ಏನು ಬರೆದುಕೊಟ್ಟಿತು? ಆಮೇಲೆ ಆ ಮಗುವನ್ನು ಯಾರು ಎಲ್ಲಿಗೆ ಕರೆದೊಯ್ದರು? ಪೆಂಡಾಲಿಗೆ ಎತ್ತುವ ಪಟ್ಟಿಯಲ್ಲಿ ಸ್ವಲ್ಪ ಉಳಿಸಿದರೆ ಹತ್ತಾರು ಮಕ್ಕಳ ಬಸ್ ಚಾರ್ಜಾದರೂ ಆದೀತು.

ಈ ಸಲದ ಸಮ್ಮಿಲನಕ್ಕೂ ಪೆಂಡಾಲು ಅವನದೇ ಅಂತ ಗ್ರೂಪಿನಲ್ಲಿ ಮೆಸೇಜ್ ಬಂದಿದೆ. ಆ ಗ್ರೂಪಿಗೆ ಅವನ ನಂಬರ್ ಮಾತ್ರ ಇನ್ನೂ ಯಾರೂ ಸೇರಿಸಿಲ್ಲ.