ದಳವಾಯಿಯ ಹುಡುಕಾಟ

ಸೋತ ದಂಡಿಗೆ ಹೊಸ ದಳವಾಯಿಯನ್ನು ಹುಡುಕುವ ಪದ್ಧತಿಯು ರಾಜ್ಯಗಳಷ್ಟೇ ಹಳೆಯದು. ಸಿಪಾಯಿಗಳನ್ನೆಲ್ಲ ಒಂದೇ ದಿನ ಮನೆಗೆ ಕಳುಹಿಸಲಾಗದು. ದಂಡನ್ನು ಸಾಕಿದ ದೊರೆಯು ತನಗೆ ತಾನೇ ಬಿಡುಗಡೆಯ ಹುಕುಂ ಬರೆದುಕೊಳ್ಳುವುದನ್ನು ಯಾರೂ ಕಂಡಿಲ್ಲ. ಆದಕಾರಣ ಸೋಲಿನ ಹೊರೆಯೆಲ್ಲವೂ ನಡುವೆ ನಿಂತವನ ಹೆಗಲಿಗೆ ಬೀಳುವುದು. ಕಾಲ್ಚೆಂಡಿನಾಟವು ಸಂಬಳದ ವೃತ್ತಿಯಾದ ಮೇಲೆ ಈ ನಡುವಣ ಮನುಷ್ಯನಿಗೆ ಮುಖ್ಯ ಕೋಚ್ ಎಂಬ ಬಿರುದು ಬಂದಿರುವುದು. ಬಿರುದು ದೊಡ್ಡದು, ಬಾಳಿಕೆ ಅಲ್ಪ. ಮೈಸೂರಿನ ಹಳೆಯ ದಳವಾಯಿಗಳು ಅರಸರನ್ನೇ ಮೂಲೆಗೆ ಕೂರಿಸಿ ಬಹುಕಾಲ ಅಧಿಕಾರವನ್ನು ಬಿಡದೆ ಕುಳಿತರೆಂಬ ಅಪಕೀರ್ತಿಯನ್ನು ಹೊತ್ತಿರುವರು. ಬೆಂಗಳೂರಿನ ಕಾಲ್ಚೆಂಡಿನ ದಳವಾಯಿಗಳಿಗೆ ಮೂರು ಮಳೆಗಾಲ ಕಾಣುವುದೇ ಅಪೂರ್ವವಾಗಿದೆ.

2023ನೆಯ ಇಸವಿ ಡಿಸೆಂಬರ್ 8ರ ರಾತ್ರಿ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದುದನ್ನು ನೆನೆಯಿರಿ. ಬೆಂಗಳೂರು ಎಫ್.ಸಿ. ತಂಡವು ತನ್ನ ಮನೆಯಂಗಳದಲ್ಲಿಯೇ, ಒಂದು ಗೋಲನ್ನೂ ಹೊಡೆಯಲಾರದೆ, ಮುಂಬಯಿ ಸಿಟಿ ತಂಡಕ್ಕೆ ನಾಲ್ಕು ಗೋಲುಗಳಿಂದ ಸೋತಿತು. ಆ ಸಾಲಿನ ಇಂಡಿಯನ್ ಸೂಪರ್ ಲೀಗಿನಲ್ಲಿ ಅದು ಒಂಬತ್ತನೆಯ ಪಂದ್ಯ. ಗೆದ್ದದ್ದು ಒಂದೇ ಒಂದು. ಮರುದಿನವೇ ಮುಖ್ಯ ಕೋಚ್ ಮಿ. ಸೈಮನ್ ಗ್ರೇಸನ್‌ರವರಿಗೆ ಬಿಡುಗಡೆಯಾಯಿತು. ಇದೇ ಗ್ರೇಸನ್‌ರವರು 2022ರ ಸೆಪ್ಟೆಂಬರಿನಲ್ಲಿ ತಂಡಕ್ಕೆ ಡ್ಯುರಾಂಡ್ ಕಪ್ಪನ್ನು ಗೆದ್ದುಕೊಟ್ಟಿದ್ದರು. 2023ರ ಮಾರ್ಚಿನಲ್ಲಿ ಲೀಗಿನ ಅಂತಿಮ ಪಂದ್ಯದವರೆಗೆ ತಂಡವನ್ನು ಕರೆದೊಯ್ದು ಪೆನಾಲ್ಟಿ ಹೊಡೆತಗಳಲ್ಲಿ ಮಾತ್ರ ಸೋತಿದ್ದರು. ಅವರು ಹೋದ ಕೆಲವೇ ದಿನಗಳೊಳಗೆ ಸ್ಪೇನ್ ದೇಶದ ಮಿ. ಜೆರಾರ್ಡ್ ಸರಗೋಸಾರವರು ಆ ಸ್ಥಾನಕ್ಕೆ ಬಂದರು. ನಮ್ಮ ಹೋಬಳಿಯ ಶಾಲೆಗೆ ಒಬ್ಬ ಗಣಿತದ ಉಪಾಧ್ಯಾಯರನ್ನು ತರಿಸಲು ಇದಕ್ಕಿಂತ ಎಷ್ಟೋ ಹೆಚ್ಚು ಕಾಲ ಹಿಡಿಯುವುದೆಂಬುದನ್ನು ಬಲ್ಲವರು ಬಲ್ಲರು.

ರಾಜಧಾನಿಯ ಒಂದು ತಂಡದ ಸೋಲುಗೆಲವುಗಳಿಗೂ ದಂಡಿನಶಿವರದ ತೆಂಗಿನ ತೋಟಗಳಿಗೂ ಏನು ಸಂಬಂಧವೆಂದು ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ನಮ್ಮ ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ನಮ್ಮ ಕಡೆಯ ಶಾಲೆಗಳ ಬಯಲಿನಲ್ಲಿ ಕಬಡ್ಡಿಗೂ ಖೋಖೋಗೂ ಇರುವ ಮರ್ಯಾದೆ ಕಾಲ್ಚೆಂಡಿಗೆ ಇಲ್ಲ. ಆದರೆ 2013ರಲ್ಲಿ ಉಕ್ಕಿನ ಉದ್ಯಮದ ಜೆ.ಎಸ್.ಡಬ್ಲ್ಯು. ಮನೆತನದವರು ಈ ತಂಡವನ್ನು ಕಟ್ಟಿದಾಗ ಅದಕ್ಕೆ ತಮ್ಮ ಕಾರ್ಖಾನೆಯ ಹೆಸರನ್ನಿಡದೆ ನಮ್ಮೆಲ್ಲರ ರಾಜಧಾನಿಯ ಹೆಸರನ್ನಿಟ್ಟರು. ನಾಡಿನ ಹೆಸರನ್ನು ಹೊತ್ತವರ ನಡೆನುಡಿಯನ್ನು ವಿಚಾರಿಸುವ ಹಕ್ಕು ನಾಡಿಗರಿಗೆ ಅಂದಿನಿಂದಲೇ ಬಂದಿತು. ದಂಡೆಂಬ ಮಾತನ್ನೇ ಹೆಸರಿನಲ್ಲಿ ಹೊತ್ತ ಊರಿನವರು ದಳವಾಯಿಯ ವಿಚಾರದಲ್ಲಿ ನಾಲ್ಕು ಮಾತನಾಡಿದರೆ ಅದನ್ನು ಅಧಿಕಪ್ರಸಂಗವೆನ್ನಬಾರದು.

ಈ ಆಟವು ಬೆಂಗಳೂರಿಗೆ ಬಂದದ್ದೂ ದಂಡಿನ ದಾರಿಯಿಂದಲೇ. 1809ರಲ್ಲಿ ನೆಲೆಯೂರಿದ ದಂಡುಪ್ರದೇಶದ ಬಯಲುಗಳಲ್ಲಿ ಗೋರಾ ಪಟಾಲಮಿನವರು ಆಡುತ್ತಿದ್ದ ಆಟವನ್ನು ಸುತ್ತಮುತ್ತಲ ಬಡ ಕೇರಿಗಳ ಹುಡುಗರು ಬರಿಗಾಲಿನಲ್ಲಿ ಕಲಿತರು. ಕಲಿತು ಸುಮ್ಮನಾಗಲಿಲ್ಲ. ಗೋರಾ ಪಟಾಲಮುಗಳ ಸೊತ್ತೆಂಬಂತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆಂದರೆ 1937ರ ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿಯೂ ಅವರೇ ಗೆದ್ದರು. 1946–47ರಲ್ಲಿ ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು ತಂದಿತು. 1948ರ ಲಂಡನ್ ಒಲಿಂಪಿಕ್ ಪಂದ್ಯದಲ್ಲಿ ಫ್ರಾನ್ಸಿಗೆ ಎದುರಾಗಿ ಸ್ವತಂತ್ರ ಭಾರತವು ಹೊಡೆದ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್‌ರವರ ಕಾಲಿನದು. ಪಕ್ಕದಲ್ಲಿ ಆಡುತ್ತಿದ್ದ ಅಹಮದ್ ಖಾನ್‌ರವರೂ ನಮ್ಮ ಊರಿನವರೇ. ಇಂದಿಗೂ ಹಲಸೂರಿನ ಮಗ್ಗುಲಿನ ಗೌತಮಪುರದಲ್ಲಿ ಬ್ರೆಜಿಲ್ಲಿನ ಪೆಲೆಯವರ ಪ್ರತಿಮೆಯು ನಿಂತಿದೆ. ಇಂತಹ ನೆಲದಲ್ಲಿ ಆಟ ಬಲ್ಲವರಿಗೆ ಬರವೆಂದು ಯಾರಾದರೂ ಹೇಳಿದರೆ ನಾವು ನಂಬಲಾರೆವು.

ಪ್ರಕೃತ ತಂಡದ ಮೊದಲ ವರ್ಷಗಳು ಉಜ್ವಲವಾಗಿದ್ದುವೆಂಬುದರಲ್ಲಿ ಸಂಶಯವಿಲ್ಲ. ಇಂಗ್ಲೆಂಡಿನ ಮಿ. ಆಶ್ಲಿ ವೆಸ್ಟ್‌ವುಡ್‌ರವರು ಮೂರು ಸಾಲುಗಳಲ್ಲಿ ಎರಡು ಬಾರಿ, 2014ರಲ್ಲಿಯೂ 2016ರಲ್ಲಿಯೂ, ಐ-ಲೀಗನ್ನು ಗೆದ್ದರು. ಅವರ ತರುವಾಯ ಬಂದ ಸ್ಪೇನಿನ ಮಿ. ಆಲ್ಬರ್ಟ್ ರೋಕಾರವರು 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ತಂಡವನ್ನು ಕೊಂಡೊಯ್ದರು. ಅದುವರೆಗೆ ಭಾರತದ ಯಾವ ತಂಡವೂ ಆ ಮೆಟ್ಟಿಲನ್ನು ತುಳಿದಿರಲಿಲ್ಲ. ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದು ಗೋಲಿನಿಂದ ಸೋತರೂ ಮಾನವುಳಿಯಿತು. 2018ರಲ್ಲಿ ರೋಕಾರವರು ಹಿಂದಿರುಗಿದಾಗ ಆಡಳಿತದವರು ಮಾಡಿದ ಕೆಲಸವನ್ನು ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕು. ಅವರು ಯೂರೋಪು ಖಂಡವನ್ನೆಲ್ಲ ಸುತ್ತಿ ಹುಡುಕಲಿಲ್ಲ. ರೋಕಾರವರ ಕೈಕೆಳಗೆ ಎರಡು ವರ್ಷ ಸಹಾಯಕರಾಗಿ ದುಡಿದಿದ್ದ ಮಿ. ಕಾರ್ಲೆಸ್ ಕ್ವಾಡ್ರಾತ್‌ರವರನ್ನೇ ಆ ಸ್ಥಾನದಲ್ಲಿ ಕುಳ್ಳಿರಿಸಿದರು. ಆಟಗಾರರ ಸ್ವಭಾವ, ಊರಿನ ಹವೆ, ಮಾಲಿಕರ ಮರ್ಜಿ, ಇವೆಲ್ಲವನ್ನೂ ಆತ ಮೊದಲೇ ಬಲ್ಲವನಾಗಿದ್ದನು. 2019ರ ಮಾರ್ಚಿನಲ್ಲಿ ಗೋವೆಯ ತಂಡವನ್ನು ಸೋಲಿಸಿ ಬೆಂಗಳೂರು ಮೊಟ್ಟಮೊದಲ ಬಾರಿಗೆ ಸೂಪರ್ ಲೀಗನ್ನು ಗೆದ್ದದ್ದು ಆತನ ಕಾಲದಲ್ಲಿ.

2020ರ ಡಿಸೆಂಬರಿನಿಂದ 2021ರ ಜನವರಿಯ ಆರಂಭದೊಳಗೆ ಮೂರು ಪಂದ್ಯಗಳು ಒಂದರ ಮೇಲೊಂದು ಸೋತುವು. ಮಹಾಮಾರಿಯ ಕಾಲ, ಲೀಗೆಲ್ಲವೂ ಗೋವೆಯೊಂದರಲ್ಲಿಯೇ ಪ್ರೇಕ್ಷಕರಿಲ್ಲದೆ ನಡೆಯುತ್ತಿತ್ತು. ಕ್ವಾಡ್ರಾತ್‌ರವರನ್ನು ಕಳುಹಿಸಿಬಿಟ್ಟರು. ತಂಡವು ಆ ವರ್ಷ ಏಳನೆಯ ಸ್ಥಾನಕ್ಕೂ, ಮಿ. ಮಾರ್ಕೊ ಪೆಝಾಯುಒಲಿಯವರ ಆಡಳಿತದಲ್ಲಿ ಮರುವರ್ಷ ಆರನೆಯ ಸ್ಥಾನಕ್ಕೂ ನಿಂತಿತು. ಕಳುಹಿಸಿದ್ದರಿಂದ ಆದ ಲಾಭವೇನೆಂಬುದು ನಮಗೆ ಇಂದಿಗೂ ತಿಳಿಯದು.

ನಡುಸಾಲಿನಲ್ಲಿ ಕೋಚನ್ನು ಬದಲಾಯಿಸುವುದು ಹೊರಗಿನಿಂದ ಕಾಣುವಷ್ಟು ಸುಲಭವಾದ ಚಿಕಿತ್ಸೆಯಲ್ಲ. ಬಂದವನಿಗೆ ದೊರೆಯುವ ಆಟಗಾರರು ಹೋದವನು ತನ್ನ ಕ್ರಮಕ್ಕೆ ಆರಿಸಿಕೊಂಡವರು. ಹಿಂದೆ ನಿಂತು ಕೋಟೆಯನ್ನು ಕಾಯಲು ಕರೆತಂದವರನ್ನು ಮುನ್ನುಗ್ಗಿ ಆಡಿರೆಂದರೆ ಒಂದು ತಿಂಗಳಲ್ಲಿ ಅವರ ಕಾಲು ತಿರುಗದು. ಹೊಸಬರನ್ನು ಕೊಳ್ಳೋಣವೆಂದರೆ ಆಟಗಾರರ ವರ್ಗಾವಣೆಗೆ ಜನವರಿ ತಿಂಗಳಿನವರೆಗೆ ಬಾಗಿಲು ಮುಚ್ಚಿರುವುದು. ಡಿಸೆಂಬರಿನಲ್ಲಿ ಕೆಲಸವಿಲ್ಲದೆ ಕೈಗೆ ಸಿಕ್ಕುವ ಕೋಚ್ ಯಾರು? ಬೇರೊಂದು ಕಡೆ ಚೆನ್ನಾಗಿ ದುಡಿಯುತ್ತಿರುವವನಂತೂ ಅಲ್ಲ. ಅವಸರದ ಹುಡುಕಾಟದಲ್ಲಿ ಯೋಗ್ಯತೆಗಿಂತ ಬಿಡುವೇ ಮುಖ್ಯ ಅರ್ಹತೆಯಾಗಿಬಿಡುವುದು.

ನಮ್ಮ ತೋಟಗಾರರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಬಲಿತ ಕಾಯನ್ನು ಅಟ್ಟಕ್ಕೆ ಏರಿಸಿದ ಮೇಲೆ ಅದು ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಒಳಗಿನ ನೀರು ಇಂಗಿ, ಕೊಬ್ಬರಿಯು ಚಿಪ್ಪನ್ನು ಬಿಟ್ಟುಕೊಂಡು, ಕಿವಿಯ ಬಳಿ ಹಿಡಿದು ಅಲುಗಿಸಿದರೆ ಗಟ್ಟಿಯಾದ ಸದ್ದು ಬರುವವರೆಗೂ ತಿಳಿದವನು ಕಾಯುವನು. ತಿಪಟೂರಿನಲ್ಲಿ ಧಾರಣೆ ಏರಿತೆಂದು ಐದಾರು ತಿಂಗಳಿಗೇ ಒಡೆದು ನೋಡಿದವನಿಗೆ ಅಡಿಗೆಯ ಕಾಯೂ ದಕ್ಕದು, ಮಾರುಕಟ್ಟೆಯ ಕೊಬ್ಬರಿಯೂ ದಕ್ಕದು. ಹಾಗೆಂದು ಅಟ್ಟಕ್ಕೆ ಹಾಕಿದ್ದೆಲ್ಲವೂ ಒಳ್ಳೆಯ ಕೊಬ್ಬರಿಯಾಗುವುದೆಂದು ನಾವು ವಾದಿಸುವುದಿಲ್ಲ. ಕೊಳೆತದ್ದನ್ನು ಹೆಕ್ಕಿ ಹೊರಗೆ ಹಾಕಲೇಬೇಕು. ಆದರೆ ಕೊಳೆತದ್ದಕ್ಕೂ ಇನ್ನೂ ಒಣಗದಿರುವುದಕ್ಕೂ ಭೇದವುಂಟಷ್ಟೆ.

ಸರಗೋಸಾರವರ ವೃತ್ತಾಂತವೇ ಇದಕ್ಕೆ ನಿದರ್ಶನ. ಅವರು ಬಂದ ಸಾಲು ಹನ್ನೆರಡು ತಂಡಗಳಲ್ಲಿ ಹತ್ತನೆಯದಾಗಿ ಮುಗಿಯಿತು. ಹಿಂದಿನ ನ್ಯಾಯವನ್ನೇ ಅನುಸರಿಸಿದ್ದರೆ ಅವರಿಗೂ ಆಗಲೇ ಟಿಕೇಟು ತೆಗೆಸಿಕೊಡಬೇಕಾಗಿತ್ತು. ಈ ಬಾರಿ ಮಾಲಿಕರು ತಾಳಿಕೊಂಡರು. 2024–25ರಲ್ಲಿ ಅದೇ ತಂಡವು ಮೂರನೆಯ ಸ್ಥಾನಕ್ಕೆ ಏರಿತು; ಕಂಠೀರವದಲ್ಲಿ ಹಿಂದೆ ನಾಲ್ಕು ಗೋಲು ಹೊಡೆದಿದ್ದ ಮುಂಬಯಿಗೆ 2025ರ ಮಾರ್ಚಿನಲ್ಲಿ ಅಲ್ಲಿಯೇ ಐದು ಗೋಲುಗಳನ್ನು ಹಿಂದಿರುಗಿಸಿತು; ಏಪ್ರಿಲಿನಲ್ಲಿ ಕಲಕತ್ತೆಯಲ್ಲಿ ಅಂತಿಮ ಪಂದ್ಯವನ್ನಾಡಿ ಮೋಹನ್ ಬಾಗಾನಿಗೆ 1–2ರಿಂದ, ಅದೂ ಹೆಚ್ಚುವರಿ ವೇಳೆಯಲ್ಲಿ, ಸೋತಿತು. ತಂಡದ ಶಾಲೆಯಲ್ಲಿಯೇ ಬೆಳೆದ ನಮ್ಮ ಹುಡುಗ ವಿನೀತ್ ವೆಂಕಟೇಶ್ ಆ ಸಾಲಿನ ಮೊದಲ ಪಂದ್ಯದಲ್ಲಿ ಗೆಲವಿನ ಗೋಲನ್ನು ಹೊಡೆದದ್ದನ್ನು ನಾವು ಕಪ್ಪಿಗಿಂತ ಕಡಮೆಯದೆಂದು ಎಣಿಸುವುದಿಲ್ಲ.

ಇನ್ನು ನಮ್ಮ ಮುಖ್ಯ ಆಕ್ಷೇಪಣೆಗೆ ಬರುವೆವು. 2021ರಲ್ಲಿ ಕ್ವಾಡ್ರಾತ್‌ರವರು ಹೋದಾಗ ಉಳಿದ ಪಂದ್ಯಗಳ ಹೊಣೆಯನ್ನು ಹೊತ್ತವರು ಶ್ರೀ ನೌಷಾದ್ ಮೂಸಾರವರು. 2023ರಲ್ಲಿ ಗ್ರೇಸನ್‌ರವರು ಹೋದಾಗ ನಡುವಣ ದಿನಗಳನ್ನು ನೋಡಿಕೊಂಡವರು ಶ್ರೀ ರೆನೆಡಿ ಸಿಂಗ್‌ರವರು. ಇಬ್ಬರೂ ಭಾರತೀಯರು, ಇಬ್ಬರೂ ಹಂಗಾಮಿ. ಹಂಗಾಮಿಯೆಂಬ ಮಾತಿನ ಅರ್ಥವನ್ನು ನಮ್ಮ ವಾಚಕರಲ್ಲಿರುವ ಸರ್ಕಾರಿ ನೌಕರರಿಗೆ ನಾವು ವಿವರಿಸಬೇಕಾಗಿಲ್ಲ: ಕೆಲಸವೆಲ್ಲವೂ ನಿನ್ನದು, ಕುರ್ಚಿ ಮಾತ್ರ ಬರುವವನದು. ಮನೆಗೆ ಬೆಂಕಿ ಬಿದ್ದಾಗ ನೀರು ಹೊತ್ತವನನ್ನು ಗೃಹಪ್ರವೇಶದ ದಿನ ಮರೆಯುವ ರೀತಿ ಇದು. ಕ್ವಾಡ್ರಾತ್‌ರವರಿಗೆ ಸಹಾಯಕನ ಸ್ಥಾನವು ಮೇಲಕ್ಕೆ ಏರುವ ಮೆಟ್ಟಿಲಾಯಿತು. ನಮ್ಮವರಿಗೆ ಅದೇ ಸ್ಥಾನವು ಅಂದು ಗೋಡೆಯಾಯಿತು. ಏಕೆ?

ನಮ್ಮವರಲ್ಲಿ ಯೋಗ್ಯತೆ ಸಾಲದೆಂಬ ಉತ್ತರ ಬರಬಹುದು. ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮ್‌ರವರು ಒಬ್ಬ ಶಾಲೆಯ ಮಾಸ್ತರು. 1951ರಲ್ಲಿಯೂ 1962ರಲ್ಲಿಯೂ ಏಷ್ಯದ ಚಿನ್ನವನ್ನು ಭಾರತಕ್ಕೆ ತಂದುಕೊಟ್ಟ ತಂಡಗಳು ಅವರ ಕೈಯಲ್ಲಿ ಪಳಗಿದುವು. 2017ರಲ್ಲಿ ಮಿಜೋರಾಮಿನ ಐಜಾಲಿನಂತಹ ಬಡ ತಂಡವು ಐ-ಲೀಗನ್ನು ಗೆದ್ದದ್ದು ಶ್ರೀ ಖಾಲಿದ್ ಜಮೀಲ್‌ರವರ ಶಿಕ್ಷಣದಿಂದ. 2021ರಲ್ಲಿ ಈಶಾನ್ಯದ ತಂಡವೊಂದು ಹಂಗಾಮಿಯಾಗಿದ್ದ ಅವರನ್ನೇ ಖಾಯಂ ಮಾಡುವವರೆಗೆ ಸೂಪರ್ ಲೀಗಿನಲ್ಲಿ ಒಬ್ಬ ಭಾರತೀಯನೂ ಖಾಯಂ ಮುಖ್ಯ ಕೋಚಾಗಿರಲಿಲ್ಲ. 2025ರ ಆಗಸ್ಟಿನಲ್ಲಿ ರಾಷ್ಟ್ರತಂಡವೇ ಅವರ ಪಾಲಿಗೆ ಬಂದಿತು. ಬಂದೊಡನೆ ಎಲ್ಲವೂ ಸರಿಹೋಯಿತೆಂದು ಹೇಳುವ ಹಾಗಿಲ್ಲ. 2027ರ ಏಷ್ಯಾ ಕಪ್ಪಿಗೆ ಅರ್ಹತೆ ದೊರಕಲಿಲ್ಲ. ಸೋಲುವ ಹಕ್ಕು ವಿದೇಶೀಯರಿಗೆ ಮಾತ್ರ ಮೀಸಲೇ ಎಂದು ನಾವು ಕೇಳಬೇಕಾಗಿದೆ. ನಮ್ಮ ನಾಡಿನ ಮಾತಿಗೆ ಬಂದರೆ, 2023ರ ಮಾರ್ಚ್ 4ರಂದು ರಿಯಾದ್ ನಗರದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಕರ್ನಾಟಕಕ್ಕೆ ಮರಳಿಸಿದ ತಂಡದ ಕೋಚ್ ಶ್ರೀ ರವಿಬಾಬು ರಾಜುರವರು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರು ತಂಡಕ್ಕೆ ಹೊಸ ಕೋಚ್ ಬೇಕಾಯಿತು. ನೋಟವು ಮೊದಲು ಹೋದದ್ದು ಸಮುದ್ರದಾಚೆಗೆ.

ವಿದೇಶೀಯರೆಂಬ ಕಾರಣಕ್ಕಾಗಿಯೇ ಅವರನ್ನು ಬಹಿಷ್ಕರಿಸಬೇಕೆಂಬ ಸಂಕುಚಿತ ಬುದ್ಧಿ ನಮ್ಮದಲ್ಲ. ವೆಸ್ಟ್‌ವುಡ್, ರೋಕಾರವರ ಉಪಕಾರವನ್ನು ಬೆಂಗಳೂರು ಮರೆಯಬಾರದು. ವಿದ್ಯೆಯನ್ನು ಎಲ್ಲಿಂದಲಾದರೂ ತರೋಣ. ತಂದದ್ದು ಇಲ್ಲಿ ಬೇರೂರಬೇಕೆಂಬುದಷ್ಟೇ ನಮ್ಮ ಆಗ್ರಹ. ಸೇತುವೆ ಕಟ್ಟಲು ಪರದೇಶದ ಇಂಜಿನಿಯರನ್ನು ಕರೆಸಿದಾಗ ಪಕ್ಕದಲ್ಲಿ ನಮ್ಮ ಹುಡುಗನೊಬ್ಬನನ್ನು ನಿಲ್ಲಿಸಿ ಕಲಿಸುವುದು ವಾಡಿಕೆ. ಇಲ್ಲಿ ಕೋಚ್ ಬರುವಾಗ ತನ್ನ ಸಹಾಯಕರನ್ನೂ ಅಂಗಸಾಧನೆಯ ಶಿಕ್ಷಕನನ್ನೂ ಕರೆತರುವನು. ಹೋಗುವಾಗ ಅವರನ್ನೂ ತನ್ನ ಕ್ರಮವನ್ನೂ ಕಟ್ಟಿಕೊಂಡು ಹೋಗುವನು. ಉಳಿಯುವುದು ಖಾಲಿ ಕೊಠಡಿ.

ಮಾಲಿಕರ ಕಷ್ಟವನ್ನೂ ನಾವು ಬಲ್ಲೆವು. 2025ರಲ್ಲಿ ಲೀಗು ನಡೆಯುವುದೋ ಇಲ್ಲವೋ ಎಂಬ ಸಂದಿಗ್ಧ ಹುಟ್ಟಿ, ಆಗಸ್ಟಿನಲ್ಲಿ ಈ ತಂಡದವರೇ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯಬೇಕಾಯಿತು. ಅಂತಹ ಕಾಲದಲ್ಲಿ ದೂರದೇಶದವನು ಕೆಲಸವನ್ನು ಒಪ್ಪಲು ಎರಡು ಬಾರಿ ಯೋಚಿಸುವನು, ಮನೆಯವನು ಉಳಿಯುವನು. ಹಣದ ಲೆಕ್ಕದಿಂದ ನೋಡಿದರೂ ಮನೆಯಲ್ಲಿಯೇ ಕೋಚನ್ನು ಬೆಳೆಸುವುದು ನಷ್ಟದ ಬಾಬತ್ತಲ್ಲ.

ಮುಂದೆ ಈ ಹುಡುಕಾಟ ಮತ್ತೊಮ್ಮೆ ಬಂದೇ ಬರುವುದು. ಅದಕ್ಕೆ ಮೊದಲೇ ಆಡಳಿತವರ್ಗದವರು ಮಾಡಬಹುದಾದ ಕೆಲಸವೊಂದುಂಟು. ಮುಖ್ಯ ಕೋಚಿನ ಕರಾರನ್ನು ಬರೆಯುವಾಗಲೇ, ಅವನ ಕೆಳಗೆ ಒಬ್ಬ ಭಾರತೀಯನು, ಸಾಧ್ಯವಾದರೆ ಕನ್ನಡ ಬಲ್ಲವನು, ಉತ್ತರಾಧಿಕಾರಿಯಾಗಿ ಇಂತಿಷ್ಟು ವರ್ಷ ತರಬೇತಾಗತಕ್ಕದ್ದೆಂದು ಸ್ಪಷ್ಟವಾಗಿ ಸೇರಿಸಲಿ. ಆತನ ಹೆಸರನ್ನು ಸಾಲಿನ ಆರಂಭದಲ್ಲಿಯೇ ಸಾರ್ವಜನಿಕರಿಗೆ ತಿಳಿಸಲಿ. ಸ್ಥಾನ ತೆರವಾದ ದಿನ ಆತನ ಯೋಗ್ಯತೆಯನ್ನು ಮೊದಲು ಪರೀಕ್ಷಿಸಿ, ಆಮೇಲೆ ಹಡಗಿನ ದಾರಿಯನ್ನು ನೋಡಲಿ. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯವರು ಕೋಚುಗಳ ಪರವಾನಗಿ ತರಗತಿಗಳನ್ನು ರಾಜಧಾನಿಯಲ್ಲಿ ಮಾತ್ರವಲ್ಲದೆ ತುಮಕೂರಿನಂತಹ ಜಿಲ್ಲಾಸ್ಥಳಗಳಲ್ಲಿಯೂ ಕನ್ನಡದಲ್ಲಿ ನಡೆಯಿಸಿದರೆ, ನಮ್ಮ ಶಾಲೆಗಳ ವ್ಯಾಯಾಮ ಶಿಕ್ಷಕರಲ್ಲಿ ಹತ್ತು ಮಂದಿಯಾದರೂ ಹೋಗಿ ಕಲಿಯಲು ಸಿದ್ಧರಿರುವರೆಂದು ನಂಬುತ್ತೇವೆ. ಅವರಲ್ಲಿ ಒಬ್ಬನು ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ದಂಡಿನಶಿವರದ ಬಯಲಿಗೆ ಬರಲಿ. ಗೋಲಿನ ಕಂಬಗಳಿಗೆ ಮರ ಕೊಡಲು ಇಲ್ಲಿನ ತೋಟಗಾರರು ಹಿಂದೆಗೆಯಲಾರರು.