ಬೋಸ್ಟನ್ ತಂಡದ ರಕ್ಷಣಾ ಬಲ: ಒಂದು ಋತುವಿನ ಪಾಠ

2022ರ ಜನವರಿ 6ರಂದು ನ್ಯೂಯಾರ್ಕಿನಲ್ಲಿ ನಡೆದ ಪಂದ್ಯದಲ್ಲಿ ಬೋಸ್ಟನ್ ಸೆಲ್ಟಿಕ್ಸ್ ತಂಡವು ಒಂದು ಹಂತದಲ್ಲಿ 25 ಅಂಕಗಳಷ್ಟು ಮುಂದಿತ್ತು. ಕೊನೆಗೆ 108-105ರಿಂದ ಸೋತಿತು. ಗಂಟೆ ಬಾರಿಸುವ ಕ್ಷಣದಲ್ಲಿ ಎದುರಾಳಿಯ ಬ್ಯಾರೆಟ್ ದೂರದಿಂದ ಎಸೆದ ಚೆಂಡು ಹಲಗೆಗೆ ಬಡಿದು ಬುಟ್ಟಿಯೊಳಗೆ ಬಿದ್ದಿತು. ಆ ದಿನಕ್ಕೆ ಬೋಸ್ಟನ್ನಿನ ಲೆಕ್ಕ 18 ಗೆಲುವು, 21 ಸೋಲು. ತಂಡವನ್ನು ಒಡೆಯಬೇಕು, ಟೇಟಮ್ ಮತ್ತು ಬ್ರೌನ್ ಎಂಬ ಇಬ್ಬರು ಯುವ ಪ್ರತಿಭಾವಂತರು ಒಟ್ಟಿಗೆ ಆಡಲಾರರು, ಒಬ್ಬನನ್ನು ಮಾರಬೇಕು ಎಂಬ ಮಾತು ಅಮೆರಿಕದ ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಪುಂಖಾನುಪುಂಖವಾಗಿ ಕೇಳಿಬಂದಿತು.

ಅದೇ ತಂಡ ಉಳಿದ 43 ಪಂದ್ಯಗಳಲ್ಲಿ 33ನ್ನು ಗೆದ್ದಿತು. 51-31ರ ಲೆಕ್ಕದೊಡನೆ ಪೂರ್ವ ವಿಭಾಗದಲ್ಲಿ ಎರಡನೆಯ ಸ್ಥಾನಕ್ಕೇರಿತು. ಜೂನ್ ತಿಂಗಳಲ್ಲಿ ಕೂಟದ ಅಂತಿಮ ಸರಣಿಯನ್ನೂ ಆಡಿತು. ಟೇಟಮ್, ಬ್ರೌನ್ ಇಬ್ಬರೂ ಅಲ್ಲಿಯೇ ಇದ್ದರು. ಹೊಸದಾಗಿ ಬಂದ ಮಹಾವೀರನೆಂಬವನು ಯಾರೂ ಇಲ್ಲ. ಹಾಗಾದರೆ ಬದಲಾದುದೇನು? ಉತ್ತರ ಒಂದೇ ಮಾತಿನಲ್ಲಿದೆ: ರಕ್ಷಣೆ. ಆದರೆ ಆ ಒಂದು ಮಾತಿನ ಒಳಗೆ ಏನೇನು ಅಡಗಿದೆ ಎಂಬುದನ್ನು ಬಿಡಿಸಿ ನೋಡುವುದು ಪ್ರಯೋಜನಕರ. ಆಟ ಅಮೆರಿಕದ್ದಾದರೂ ಅದರ ಮರ್ಮ ಕಬಡ್ಡಿಯ ಅಂಗಣವನ್ನು ಬಲ್ಲ ನಮ್ಮವರಿಗೆ ಅಪರಿಚಿತವಲ್ಲ.

ಕಾಣದ ಕೆಲಸ

ಬಾಸ್ಕೆಟ್‌ಬಾಲಿನಲ್ಲಿ ಅಂಕ ಗಳಿಸಿದವನ ಹೆಸರು ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಅಂಕ ಗಳಿಸದಂತೆ ತಡೆದವನ ಹೆಸರು ಬರುವುದಿಲ್ಲ. ಬೀಳದ ಚೆಂಡಿಗೆ ಲೆಕ್ಕವಿಲ್ಲವಷ್ಟೆ! ಆದಕಾರಣ ರಕ್ಷಣೆಯನ್ನು ಅಳೆಯಲು ಅಲ್ಲಿಯವರು ಒಂದು ಕ್ರಮವನ್ನು ಕಂಡುಕೊಂಡಿದ್ದಾರೆ. ಎದುರಾಳಿಯ ಕೈಗೆ 100 ಬಾರಿ ಚೆಂಡು ಬಂದರೆ ಎಷ್ಟು ಅಂಕ ಬಿಟ್ಟುಕೊಡಲಾಯಿತು ಎಂಬುದೇ ಆ ಲೆಕ್ಕ. ಆ ಋತುವಿನಲ್ಲಿ ಕೂಟದ ಸರಾಸರಿ 112ರ ಆಸುಪಾಸು ಇತ್ತು. ಬೋಸ್ಟನ್ ಬಿಟ್ಟುಕೊಟ್ಟುದು 106-107ರಷ್ಟು ಮಾತ್ರ. 30 ತಂಡಗಳಲ್ಲಿ ಅತಿ ಕಡಮೆ. ಐದಾರು ಅಂಕಗಳ ಅಂತರ ನೋಡಲು ಸಣ್ಣದು. ಆದರೆ ಪಂದ್ಯಗಳು ಎಷ್ಟೋ ಬಾರಿ ಅಷ್ಟರೊಳಗೇ ನಿರ್ಣಯವಾಗುವುದರಿಂದ 82 ಪಂದ್ಯಗಳ ಋತುವಿನಲ್ಲಿ ಸೋಲು ಗೆಲುವುಗಳ ತಕ್ಕಡಿಯನ್ನು ಬಾಗಿಸಲು ಅದು ಧಾರಾಳ ಸಾಕು.

ಆರಂಭದಲ್ಲಿ ಅವರ ರಕ್ಷಣೆ ತೀರಾ ಕಳಪೆಯಾಗಿತ್ತೆಂದಲ್ಲ, ಅಸ್ಥಿರವಾಗಿತ್ತು. 2021ರ ಅಕ್ಟೋಬರ್ 20ರ ಮೊದಲನೆಯ ಪಂದ್ಯದಲ್ಲಿಯೇ ಎರಡು ಹೆಚ್ಚುವರಿ ಅವಧಿಗಳ ಬಳಿಕ ನ್ಯೂಯಾರ್ಕಿಗೆ 138 ಅಂಕ ತೆತ್ತು ಸೋತರು. ನವೆಂಬರ್ 1ರಂದು ತಮ್ಮ ಊರಿನಲ್ಲಿಯೇ ಶಿಕಾಗೋ ವಿರುದ್ಧ ಕೊನೆಯ ಕಾಲು ಭಾಗವನ್ನು 39-11ರಿಂದ ಕಳಕೊಂಡರು. ಆಗ ಲೆಕ್ಕ ಎರಡು ಗೆಲುವು, ಐದು ಸೋಲು. ಅಂದು ರಾತ್ರಿ ಹಿರಿಯ ಆಟಗಾರ ಮಾರ್ಕಸ್ ಸ್ಮಾರ್ಟ್, ಟೇಟಮ್ ಮತ್ತು ಬ್ರೌನರು ಚೆಂಡನ್ನು ಹಂಚಿಕೊಳ್ಳಲು ಕಲಿಯಬೇಕೆಂದು ಪತ್ರಕರ್ತರ ಮುಂದೆಯೇ ಹೇಳಿಬಿಟ್ಟರು. ಮನೆಯ ಜಗಳ ಬೀದಿಗೆ ಬಂದಿತೆಂದು ಹಲವರು ಬಗೆದರು.

ವ್ಯೂಹದ ಬದಲಾವಣೆ

ಆ ವರ್ಷ ತರಬೇತುದಾರರಾಗಿ ಬಂದ ಇಮೆ ಉಡೋಕ ಅವರಿಗೆ ಮುಖ್ಯ ಹೊಣೆ ಅದೇ ಮೊದಲು. ಅದಕ್ಕೆ ಮುನ್ನ ಸ್ಯಾನ್ ಆಂಟೋನಿಯೋದಲ್ಲಿ ಗ್ರೆಗ್ ಪೊಪೊವಿಚ್ ಅವರ ಕೈಕೆಳಗೆ ಏಳು ಋತು ಸಹಾಯಕರಾಗಿ ದುಡಿದವರು. ಅವರು ತಂದ ಮುಖ್ಯ ಕ್ರಮವನ್ನು 'ಅದಲು ಬದಲು' ಎನ್ನಬಹುದು.

ಇದನ್ನು ಸ್ವಲ್ಪ ವಿವರಿಸಬೇಕು. ಚೆಂಡು ಹಿಡಿದವನನ್ನು ನಮ್ಮವನೊಬ್ಬ ಕಾಯುತ್ತಿದ್ದಾನೆ ಎನ್ನಿ. ಆಗ ಎದುರಾಳಿಯ ಇನ್ನೊಬ್ಬ ದಾಂಡಿಗ ಬಂದು ನಮ್ಮವನ ದಾರಿಗೆ ಕಂಬದಂತೆ ಅಡ್ಡ ನಿಲ್ಲುತ್ತಾನೆ. ಚೆಂಡಿನವನು ಆ ಕಂಬವನ್ನು ಬಳಸಿ ಓಡುತ್ತಾನೆ. ನಮ್ಮವನು ಒಂದು ಹೆಜ್ಜೆ ಹಿಂದೆ ಬೀಳುತ್ತಾನೆ. ಆ ಒಂದು ಹೆಜ್ಜೆಯ ಅವಕಾಶವೇ ಇಂದಿನ ಬಾಸ್ಕೆಟ್‌ಬಾಲಿನ ಬಂಡವಾಳ. ಹಳೆಯ ಕ್ರಮದಲ್ಲಿ ರಕ್ಷಕನು ಹೇಗಾದರೂ ನುಸುಳಿ ತನ್ನವನ ಬೆನ್ನು ಹತ್ತಬೇಕು. ಅಷ್ಟರವರೆಗೆ ಎತ್ತರದ ನಡುವಾಟಗಾರ ಹಿಂದೆ ಸರಿದು ಬುಟ್ಟಿಯ ಬಳಿ ಕಾಯಬೇಕು. ಇದರಿಂದ ಬುಟ್ಟಿ ಉಳಿದರೂ ದೂರದಿಂದ ಮೂರು ಅಂಕದ ಎಸೆತಕ್ಕೆ ಎಡೆ ಸಿಗುತ್ತದೆ. ಅದಲು ಬದಲಿನಲ್ಲಿ ಇಬ್ಬರು ರಕ್ಷಕರು ಆ ಕ್ಷಣವೇ ತಮ್ಮ ತಮ್ಮ ಎದುರಾಳಿಗಳನ್ನು ವಿನಿಮಯ ಮಾಡಿಕೊಳ್ಳುತ್ತಾರೆ. ಯಾರೂ ಹಿಂದೆ ಬೀಳುವುದಿಲ್ಲ. ತೆರಪು ಎಂಬುದೇ ಹುಟ್ಟುವುದಿಲ್ಲ.

ಹೇಳಲು ಸುಲಭ. ಆದರೆ ಇದಕ್ಕೆ ಎರಡು ಶರತ್ತುಗಳಿವೆ. ಮೊದಲನೆಯದು, ಯಾರು ಯಾರನ್ನು ಬೇಕಾದರೂ ಕಾಯಬಲ್ಲವರಾಗಿರಬೇಕು. ಇಲ್ಲವಾದರೆ ಗಿಡ್ಡನ ಮುಂದೆ ದೈತ್ಯ ಬಂದು ನಿಂತು ಸುಲಭವಾಗಿ ಅಂಕ ಗಳಿಸುತ್ತಾನೆ. ಬೋಸ್ಟನ್ನಿನಲ್ಲಿ ಬ್ರೌನ್, ಟೇಟಮ್, ಹೋರ್ಫರ್ಡ್, ರಾಬರ್ಟ್ ವಿಲಿಯಮ್ಸ್ ನಾಲ್ವರೂ ಆರೂವರೆ ಅಡಿ ಅಥವಾ ಅದಕ್ಕೂ ಎತ್ತರದವರು. ಸ್ಮಾರ್ಟ್ ಮಾತ್ರ ಮೂರು ನಾಲ್ಕು ಅಂಗುಲ ಕಡಮೆ. ಆದರೆ ಗಟ್ಟಿ ಆಳು, ತನಗಿಂತ ದೊಡ್ಡವರ ಎದುರು ಕದಲದವನು. ಎರಡನೆಯ ಶರತ್ತು ಮಾತು. ಬದಲಾವಣೆಯ ಕ್ಷಣದಲ್ಲಿ 'ನಿನ್ನವ ನನಗೆ, ನನ್ನವ ನಿನಗೆ' ಎಂದು ಕೂಗಿ ಹೇಳದಿದ್ದರೆ ಇಬ್ಬರೂ ಒಬ್ಬನ ಬೆನ್ನು ಹತ್ತುತ್ತಾರೆ, ಇನ್ನೊಬ್ಬ ನಿರಾತಂಕವಾಗಿ ಬುಟ್ಟಿಯ ಕೆಳಗೆ ಹೋಗಿ ನಿಲ್ಲುತ್ತಾನೆ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಬೋಸ್ಟನ್ ತೆತ್ತ ಸುಂಕ ಮುಖ್ಯವಾಗಿ ಈ ಗೊಂದಲದ್ದು. ಕಬಡ್ಡಿಯಲ್ಲಿ ಕೈ ಕೈ ಹಿಡಿದ ಸರಪಳಿ ಒಂದೇ ಕೊಂಡಿ ಸಡಿಲವಾದರೂ ಹೇಗೆ ಹರಿದುಹೋಗುತ್ತದೆಂಬುದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಮೂಲೆಯ ಕಾವಲುಗಾರ

ಎರಡನೆಯ ಬದಲಾವಣೆ ಇನ್ನೂ ಸೂಕ್ಷ್ಮವಾದುದು. ರಾಬರ್ಟ್ ವಿಲಿಯಮ್ಸ್ ತಂಡದ ಅತ್ಯುತ್ತಮ ನೆಗೆತಗಾರ. ಸಾಮಾನ್ಯವಾಗಿ ಇಂಥವನನ್ನು ಎದುರಾಳಿಯ ನಡುವಾಟಗಾರನ ಮೇಲೆ ಬಿಡುವುದು ವಾಡಿಕೆ. ಆದರೆ ಎದುರಾಳಿಗಳು ಅದೇ ನಡುವಾಟಗಾರನನ್ನು ಕಂಬವಾಗಿ ಬಳಸಿ ವಿಲಿಯಮ್ಸನನ್ನು ಬುಟ್ಟಿಯಿಂದ ದೂರಕ್ಕೆ ಎಳೆಯುತ್ತಿದ್ದರು. ಆದುದರಿಂದ ನಡುವಾಟಗಾರನ ಕಾವಲನ್ನು 35ರ ಹರೆಯದ ಅನುಭವಿ ಆಲ್ ಹೋರ್ಫರ್ಡನಿಗೆ ಒಪ್ಪಿಸಿ, ವಿಲಿಯಮ್ಸನನ್ನು ಮೂಲೆಯಲ್ಲಿ ನಿಲ್ಲುವ ದುರ್ಬಲ ಎಸೆತಗಾರನ ಮೇಲೆ ಬಿಟ್ಟರು.

ಇದರ ಲಾಭವೇನು? ಈ ಕೂಟದಲ್ಲಿ ಯಾರನ್ನೂ ಸಮೀಪದಿಂದ ಕಾಯದೆ ಬುಟ್ಟಿಯ ಮುಂದಿನ ಚೌಕದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದೆಂಬ ನಿಯಮ 2001-02ರಿಂದ ಜಾರಿಯಲ್ಲಿದೆ. ದ್ವಾರಪಾಲಕನಂತೆ ಅಲ್ಲಿಯೇ ಊರಿಕೊಂಡಿರುವಂತಿಲ್ಲ. ಮೂಲೆಯ ಆಟಗಾರನನ್ನು ಕಾಯುವವನಾದರೋ ಒಂದು ಕಣ್ಣು ಅವನ ಮೇಲೆ, ಒಂದು ಕಣ್ಣು ಚೆಂಡಿನ ಮೇಲೆ ಇಟ್ಟು, ನಡುವೆ ಸುಳಿದಾಡುತ್ತಿರಬಹುದು. ಯಾರಾದರೂ ಬುಟ್ಟಿಗೆ ನುಗ್ಗಿದರೆ ಎರಡು ನೆಗೆತದಲ್ಲಿ ಬಂದು ಚೆಂಡನ್ನು ಬಡಿಯಬಹುದು. ಮೂಲೆಗೆ ಚೆಂಡು ಹೋದರೆ ಮರಳಿ ಹಾರಿ ಅದನ್ನೂ ಅಡ್ಡಿಪಡಿಸಬಹುದು. ನುಗ್ಗುವವನಿಗೆ ವಿಲಿಯಮ್ಸ್ ಎಲ್ಲಿಂದ ಬರುವನೆಂಬುದೇ ತಿಳಿಯದು. ಎಷ್ಟೋ ಬಾರಿ ಆತ ಬರುವುದೇ ಬೇಡ. ಬಂದಾನೆಂಬ ಅಂಜಿಕೆಯೇ ಕೆಲಸ ಮಾಡುತ್ತದೆ.

ಮೂರನೆಯ ಬದಲಾವಣೆ ಆಡಳಿತ ಮಂಡಳಿಯದು. ಫೆಬ್ರವರಿ 10ರಂದು ಸ್ಯಾನ್ ಆಂಟೋನಿಯೋದಿಂದ ಡೆರಿಕ್ ವೈಟ್ ಎಂಬ ಆಟಗಾರನನ್ನು ತಂದರು. ಅದೇ ದಿನ ಡೆನಿಸ್ ಶ್ರೋಡರನನ್ನು ಹ್ಯೂಸ್ಟನ್ನಿಗೆ ಕಳುಹಿಸಿದರು. ಶ್ರೋಡರ್ ಅಂಕ ಗಳಿಸುವುದರಲ್ಲಿ ನಿಪುಣ. ಆದರೆ ಅದಲು ಬದಲಿನ ವ್ಯೂಹದಲ್ಲಿ ಎದುರಾಳಿಗಳು ಹುಡುಕಿ ಹುಡುಕಿ ಆಕ್ರಮಿಸುವ ಬಡಕಲು ಕೊಂಡಿ. ವೈಟ್ ಹೆಚ್ಚು ಅಂಕ ಗಳಿಸುವವನಲ್ಲ, ಆದರೆ ರಕ್ಷಣೆಯಲ್ಲಿ ತಪ್ಪದವನು. ಗೋಡೆಯಲ್ಲಿ ಅಲಂಕಾರದ ಗೂಡಿಗಿಂತ ಬಿರುಕಿಲ್ಲದಿರುವುದು ಮುಖ್ಯ ಎಂಬ ತೀರ್ಮಾನ ಅದು.

ಫಲ ಮತ್ತು ಸಂಶಯ

ಜನವರಿ 28ರಂದು ಲೆಕ್ಕ 25-25. ಅನಂತರದ 32 ಪಂದ್ಯಗಳಲ್ಲಿ 26 ಗೆಲುವು! ಫೆಬ್ರವರಿ 15ರಂದು ಫಿಲಡೆಲ್ಫಿಯಾದಂಥ ಬಲಾಢ್ಯ ತಂಡವನ್ನು ಅದರ ಊರಿನಲ್ಲಿಯೇ 135-87ರಿಂದ ಸೋಲಿಸಿ ಸತತ ಒಂಬತ್ತನೆಯ ಜಯ ಪಡೆದರು. ಮರುದಿನವೇ ದುರ್ಬಲ ಡೆಟ್ರಾಯಿಟ್ ಒಂದು ಅಂಕದಿಂದ ಅವರ ಓಟವನ್ನು ತಡೆದುದು ಬೇರೆ ಮಾತು. ಋತು ಮುಗಿದಾಗ ವರ್ಷದ ಅತ್ಯುತ್ತಮ ರಕ್ಷಕನ ಪ್ರಶಸ್ತಿ ಸ್ಮಾರ್ಟ್‌ಗೆ ಬಂದಿತು. ಎತ್ತರದವರಿಗೇ ಮೀಸಲೆಂಬಂತಿದ್ದ ಆ ಪ್ರಶಸ್ತಿ ಹಿಂದಿನ ಸಾಲಿನ ಆಟಗಾರನೊಬ್ಬನಿಗೆ ಸಿಕ್ಕಿದುದು 1996ರ ಗ್ಯಾರಿ ಪೇಟನನ ಬಳಿಕ ಅದೇ ಮೊದಲು.

ಇದಕ್ಕೆ ವಿರುದ್ಧವಾದ ವಾದವೂ ಇದೆ. ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ದೂರದ ಎಸೆತ ಬೀಳುವುದೂ ಬೀಳದಿರುವುದೂ ಸ್ವಲ್ಪಮಟ್ಟಿಗೆ ಅದೃಷ್ಟ. ಆ ಚಳಿಗಾಲದಲ್ಲಿ ಕೊರೋನಾ ಸೋಂಕಿನಿಂದ ಎಲ್ಲ ತಂಡಗಳೂ ಆಟಗಾರರನ್ನು ಕಳಕೊಂಡಿದ್ದವು. ಬೋಸ್ಟನ್ ಚೇತರಿಸಿಕೊಂಡುದು ತನ್ನವರು ಮರಳಿದ್ದರಿಂದ ಎನ್ನಬಹುದು. ಗೆದ್ದ ಪಂದ್ಯಗಳಲ್ಲಿ ಕೆಲವು ದುರ್ಬಲರ ಎದುರು ಎಂಬುದೂ ಸುಳ್ಳಲ್ಲ. ಆದರೆ ಅದೃಷ್ಟ ಒಂದು ವಾರ ಜೊತೆಗೂಡೀತು, ಎರಡು ವಾರ ಜೊತೆಗೂಡೀತು. ಜನವರಿಯಿಂದ ಜೂನಿನವರೆಗೆ ಬಗಲಲ್ಲಿ ನಡೆಯುವ ಅದೃಷ್ಟಕ್ಕೆ ಬೇರೆ ಹೆಸರಿಡಬೇಕಾಗುತ್ತದೆ.

ನಿಜವಾದ ಪರೀಕ್ಷೆ ಏಪ್ರಿಲಿನಲ್ಲಿ ಬಂದಿತು. ಮೊದಲ ಸುತ್ತಿನ ಎದುರಾಳಿ ಬ್ರೂಕ್ಲಿನ್. ಅದರ ಕೆವಿನ್ ಡುರಾಂಟ್ ಆ ಕಾಲದ ಶ್ರೇಷ್ಠ ಅಂಕಗಾರರಲ್ಲೊಬ್ಬ. ಮಾರ್ಚ್ 27ರಂದು ಮೊಣಕಾಲಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಗೊಳಗಾದ ವಿಲಿಯಮ್ಸ್ ಮೊದಲೆರಡು ಪಂದ್ಯಗಳಲ್ಲಿ ಇರಲೇ ಇಲ್ಲ. ಆದರೂ ಗೋಡೆ ನಿಂತಿತು. ಡುರಾಂಟ್ ತಿರುಗಿದಲ್ಲೆಲ್ಲ ಹೊಸ ಮುಖ, ಅದರ ಹಿಂದೆ ಇನ್ನೊಂದು ಕೈ. ಅವನ ಎಸೆತಗಳಲ್ಲಿ 100ಕ್ಕೆ 39ರಷ್ಟೂ ಬುಟ್ಟಿ ಸೇರಲಿಲ್ಲ. ಬೋಸ್ಟನ್ 4-0ಯಿಂದ ಗೆದ್ದಿತು. ಹಿಂದಿನ ವರ್ಷದ ಚಾಂಪಿಯನ್ ಮಿಲ್ವಾಕಿಯನ್ನೂ, ಮಯಾಮಿಯನ್ನೂ ಏಳೇಳು ಪಂದ್ಯಗಳಲ್ಲಿ ದಾಟಿತು. ಮಿಲ್ವಾಕಿಗೆ ಮಿಡಲ್ಟನ್ ಎಂಬ ಪ್ರಮುಖ ಆಟಗಾರ ಗಾಯದಿಂದ ಇರಲಿಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು.

ಗೋಡೆಯ ಮಿತಿ

ಅಂತಿಮ ಸರಣಿಯಲ್ಲಿ ಗೋಲ್ಡನ್ ಸ್ಟೇಟ್ ತಂಡ 4-2ರಿಂದ ಗೆದ್ದಿತು. 2-1ರ ಮುನ್ನಡೆಯಲ್ಲಿದ್ದ ಬೋಸ್ಟನ್ನಿನ ಊರಿನಲ್ಲಿಯೇ, ನಾಲ್ಕನೆಯ ಪಂದ್ಯದಲ್ಲಿ ಸ್ಟೀಫನ್ ಕರ್ರಿ 43 ಅಂಕ ಗಳಿಸಿ ಸರಣಿಯ ದಿಕ್ಕನ್ನೇ ತಿರುಗಿಸಿದನು. ಆದರೆ ಸೋಲಿಗೆ ಗೋಡೆಯನ್ನು ದೂರುವುದು ಸಲ್ಲದು. ಜೂನ್ 16ರ ಕೊನೆಯ ಪಂದ್ಯದಲ್ಲಿ ಎದುರಾಳಿ ಗಳಿಸಿದುದು 103 ಅಂಕ ಮಾತ್ರ; ಬೋಸ್ಟನ್ ಗಳಿಸಿದುದು 90. ಚೆಂಡನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ತಾವಾಗಿಯೇ ಕಳಕೊಂಡಿದ್ದರು. ನವೆಂಬರಿನಲ್ಲಿ ಸ್ಮಾರ್ಟ್ ಎತ್ತಿದ ದೂರು ಅರ್ಧ ಮಾತ್ರ ನಿವಾರಣೆಯಾಗಿತ್ತು. ಕೋಟೆ ಭದ್ರವಾಗಿದ್ದರೂ ಕಣಜ ಬರಿದಾದರೆ ಮುತ್ತಿಗೆಯನ್ನು ಗೆಲ್ಲಲಾಗದು.

ಮುಂದಿನ ಕತೆ ಎಲ್ಲರಿಗೂ ತಿಳಿದುದೇ. 2022ರ ಸೆಪ್ಟೆಂಬರಿನಲ್ಲಿ ಉಡೋಕ ಅವರನ್ನು ಸಂಸ್ಥೆಯ ನಿಯಮ ಉಲ್ಲಂಘನೆಗಾಗಿ ಅಮಾನತಿನಲ್ಲಿಟ್ಟರು, ಅವರು ಮರಳಲಿಲ್ಲ. 2023ರಲ್ಲಿ ಸ್ಮಾರ್ಟ್ ಹಾಗೂ ವಿಲಿಯಮ್ಸ್ ಬೇರೆ ತಂಡಗಳಿಗೆ ಹೋದರು. 2024ರಲ್ಲಿ ಜೋ ಮಜುಲ್ಲಾ ಅವರ ತರಬೇತಿಯಲ್ಲಿ ಬೋಸ್ಟನ್ ತನ್ನ 18ನೆಯ ಪ್ರಶಸ್ತಿ ಗೆದ್ದಾಗ ಟೇಟಮ್, ಬ್ರೌನ್, ಹೋರ್ಫರ್ಡ್, ವೈಟ್ ಅಂಗಣದಲ್ಲಿದ್ದರು. 'ಒಟ್ಟಿಗೆ ಆಡಲಾರರು' ಎಂದು ತೀರ್ಪು ಪಡೆದಿದ್ದ ಜೋಡಿಯೇ ಮುಂದಾಳುತನ ವಹಿಸಿತ್ತು. ಗೋಡೆಗೆ ತಳಹದಿ ಹಾಕಿದವರಲ್ಲಿ ಕೆಲವರು ಗೃಹಪ್ರವೇಶದ ಊಟಕ್ಕೆ ಇರಲಿಲ್ಲ. ಇದು ವೃತ್ತಿಪರ ಕ್ರೀಡೆಯ ಕ್ರೌರ್ಯ. ಆದರೆ ಕ್ರೀಡೆಯಲ್ಲಿ ಮಾತ್ರ ಕಾಣುವ ಸಂಗತಿಯೂ ಅಲ್ಲ.

ಸೆಲ್ಟಿಕ್ಸ್ ಸಂಸ್ಥೆಗೆ ಈ ಪಾಠ ಹೊಸದಾಗಿರಲಿಲ್ಲ. 1957ರಿಂದ 1969ರವರೆಗಿನ 13 ಋತುಗಳಲ್ಲಿ ಅದು 11 ಪ್ರಶಸ್ತಿಗಳನ್ನು ಗೆದ್ದುದು ಬಿಲ್ ರಸೆಲ್ ಎಂಬ ಮಹಾ ರಕ್ಷಕನ ಬಲದಿಂದ. 2022ರ ಜುಲೈ 31ರಂದು ಅವರು ತೀರಿಕೊಂಡಾಗ ಅವರ ಅಂಗಿಯ 6ನೆಯ ಸಂಖ್ಯೆಯನ್ನು ಇಡೀ ಕೂಟವೇ ನಿವೃತ್ತಿಗೊಳಿಸಿತು.

ನಮ್ಮ ಶಾಲಾ ಮೈದಾನಗಳಲ್ಲಿ ನಡೆಯುವ ಪಂದ್ಯಾಟಗಳ ಬಹುಮಾನ ಪಟ್ಟಿಯನ್ನು ನೋಡಿದರೆ ಹೆಚ್ಚು ಗೋಲು ಹೊಡೆದವನಿಗೆ, ಹೆಚ್ಚು ಅಂಕ ತಂದವನಿಗೆ ಬಟ್ಟಲು ಇದೆ. ಕೊನೆಯವರೆಗೂ ತನ್ನ ಜಾಗ ಬಿಡದೆ ನಿಂತು, ಪಕ್ಕದವನಿಗೆ ಕೂಗಿ ಎಚ್ಚರಿಸುತ್ತಿದ್ದ ಹುಡುಗನಿಗಾಗಲಿ ಹುಡುಗಿಗಾಗಲಿ ಏನೂ ಇಲ್ಲ. ಬರುವ ವರ್ಷದ ವಾರ್ಷಿಕೋತ್ಸವಕ್ಕೆ ದಾನಿಗಳನ್ನು ಕೇಳುವಾಗ ಕ್ರೀಡಾ ಸಮಿತಿಗಳು ಅದಕ್ಕೂ ಒಂದು ಬಟ್ಟಲನ್ನು ಸೇರಿಸಬಾರದೇಕೆ? ಖರ್ಚು ಹೆಚ್ಚಿಲ್ಲ. ಯಾರಿಗೆ ಕೊಡಬೇಕೆಂದು ನಿರ್ಧರಿಸಲು ತೀರ್ಪುಗಾರರು ಚೆಂಡನ್ನು ಬಿಟ್ಟು ಆಟವನ್ನು ನೋಡಬೇಕಾಗುತ್ತದೆ, ಅಷ್ಟೆ.